ಜಪಾನಿನ ರೋಬಾಟ್ ಪತ್ರಿಕೆಗಳು: ಚಿತ್ರ ಹೇಳುವುದೆಷ್ಟು, ಬಿಡುವುದೆಷ್ಟು?

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಕತ್ತರಿಸುವ ಯಂತ್ರಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಹಲವು ಜಪಾನಿ ಹೆಸರಿನವು. ರಿಪೇರಿ ಮಾಡುವವರಿಗೆ ಆ ದೇಶದ ಭಾಷೆ ಬೇಕಾಗಿಲ್ಲ. ಯಂತ್ರವನ್ನು ಬಿಚ್ಚಿ ಹರವಿದಂತೆ ತೋರಿಸುವ ಬಿಡಿಭಾಗಗಳ ಚಿತ್ರ ಮತ್ತು ಪ್ರತಿ ಭಾಗದ ಪಕ್ಕದ ಸಂಖ್ಯೆ ಇದ್ದರೆ ಸಾಕು. ಯಾವ ವಾಷರ್ ಯಾವುದರ ಹಿಂದೆ ಕೂರುತ್ತದೆ ಎಂಬುದು ತಿಳಿಯುತ್ತದೆ. ಇದೇ ರೀತಿಯಲ್ಲಿ, ಭಾಷೆ ಬಾರದೆಯೂ ಒಂದು ಇಡೀ ತಾಂತ್ರಿಕ ಪತ್ರಿಕೆಯನ್ನು ಓದಬಹುದೇ? ಜಪಾನಿನ ಹವ್ಯಾಸಿ ರೋಬಾಟ್ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಜಪಾನಿನಲ್ಲಿ ಇಂಥ ಓದಿಗೆ ದೀರ್ಘ ಪರಂಪರೆಯಿದೆ. ಮಕ್ಕಳ ವಿಜ್ಞಾನ ಪತ್ರಿಕೆ 'ಕೊದೊಮೊ ನೊ ಕಗಾಕು' ಹುಟ್ಟಿದ್ದು 1924ರಲ್ಲಿ. ಎಲೆಕ್ಟ್ರಾನಿಕ್ಸ್ ಮಾಸಿಕ 'ತೊರಾಂಜಿಸುತ ಗಿಜುತ್ಸು' 1964ರಲ್ಲಿ. ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ 1988ರಲ್ಲಿ ರೋಬಾಟ್ ಸ್ಪರ್ಧೆ ಆರಂಭಿಸಿತು. ಆ ಉತ್ಸಾಹದ ನಡುವೆಯೇ 'ರೋಬೊಕಾನ್ ಮ್ಯಾಗಜೀನ್' ಬಂತು. 2004ರಲ್ಲಿ ಕೊಂಡೊ ಕಗಾಕು ಸಂಸ್ಥೆ 17 ಸರ್ವೊ ಮೋಟಾರುಗಳಿದ್ದ, ಎರಡು ಕಾಲಿನ ಕೆಎಚ್‌ಆರ್-1 ಕಿಟ್ ಅನ್ನು ಹವ್ಯಾಸಿಗಳಿಗೆ ಮಾರತೊಡಗಿತು.

ಚಿತ್ರದ ಬಲ

ಈ ಪತ್ರಿಕೆಗಳ ದೊಡ್ಡ ಗುಣ ಅಳತೆಯ ಬಗೆಗಿನ ನಿಷ್ಠೆ. ತಗಡನ್ನು ಎಲ್ಲಿ ಬಗ್ಗಿಸಬೇಕು, ತೂತು ಎಷ್ಟು ಮಿಲಿಮೀಟರ್, ಬಿಡಿಭಾಗದ ಮಾದರಿ ಸಂಖ್ಯೆ ಏನು ಎಂಬುದನ್ನು ಬಿಡದೆ ಕೊಡುತ್ತವೆ. ಅಂಕಿಗಳು ನಮಗೆ ಪರಿಚಿತವಾದವೇ. ಕಾದಂಬರಿಗಳಂತೆ ಮೇಲಿನಿಂದ ಕೆಳಕ್ಕಲ್ಲ, ತಾಂತ್ರಿಕ ಬರಹ ಸಾಮಾನ್ಯವಾಗಿ ಎಡದಿಂದ ಬಲಕ್ಕೇ ಸಾಗುತ್ತದೆ. ಸರ್ವೊ ಮೋಟಾರಿನ ಅಲೆಯ ಚಿತ್ರ ನೋಡಿ: ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್, ಅದರ ಅಗಲ 1.5 ಮಿಲಿಸೆಕೆಂಡ್ ಇದ್ದರೆ ದಂಡ ನಡುವೆ ನಿಲ್ಲುತ್ತದೆ, 1 ಅಥವಾ 2ರ ಕಡೆ ಸರಿದರೆ ಅತ್ತಿತ್ತ ತಿರುಗುತ್ತದೆ. ಇದಕ್ಕೆ ಜಪಾನಿ ಬೇಕಿಲ್ಲ.

ಇನ್ನೊಂದು ಅನುಕೂಲವೂ ಇದೆ. ಹೊರಗಿನಿಂದ ಬಂದ ಪದಗಳನ್ನು ಜಪಾನಿಯರು 'ಕತಕನ' ಎಂಬ ಲಿಪಿಯಲ್ಲಿ ಬರೆಯುತ್ತಾರೆ. ಅದರ ಮೂಲಾಕ್ಷರಗಳು 46. ವಾರವೆರಡು ವಾರದಲ್ಲಿ ಕಲಿತರೆ ಮೋಟಾ, ಸೆನ್ಸಾ, ಬಾತ್ತೆರೀ, ಕೊಂತೊರೋರಾ ಎಂದು ಓದಬಹುದು. ಮೋಟಾರು, ಸೆನ್ಸರ್, ಬ್ಯಾಟರಿ, ಕಂಟ್ರೋಲರ್ ಎಂದು ನೀವೇ ಊಹಿಸುತ್ತೀರಿ.

ಚಿತ್ರದ ಬಲೆ

ಆದರೆ ಚಿತ್ರವೂ ಒಂದು ಭಾಷೆ, ಅದಕ್ಕೂ ವ್ಯಾಕರಣವಿದೆ. ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ತರಗತಿಗಳಲ್ಲಿ ಯಂತ್ರರೇಖಾಚಿತ್ರವನ್ನು ಮುಖ್ಯವಾಗಿ ಪ್ರಥಮ ಕೋನ ಪ್ರಕ್ಷೇಪದಲ್ಲಿ ಕಲಿಸುತ್ತಾರೆ. ಅದರಲ್ಲಿ ಮೇಲಿನ ನೋಟ ಮುಂಭಾಗದ ನೋಟದ ಕೆಳಗೆ ಬರುತ್ತದೆ. ಜಪಾನಿನಲ್ಲಿ ಬಳಕೆಯಲ್ಲಿರುವುದು ತೃತೀಯ ಕೋನ ಪ್ರಕ್ಷೇಪ. ಅಲ್ಲಿ ಮೇಲಿನ ನೋಟ ಮೇಲೆಯೇ ಇರುತ್ತದೆ. ಇದನ್ನು ಗಮನಿಸದೆ ಅಲ್ಯೂಮಿನಿಯಂ ತಗಡು ಕತ್ತರಿಸಿದರೆ ಎಡಗಾಲಿನ ಬ್ರಾಕೆಟ್ ಬಲಗಾಲಿನದಾಗುತ್ತದೆ. ಪ್ರತಿ ಅಳತೆಯೂ ಸರಿಯಿರುತ್ತದೆ, ಭಾಗ ಮಾತ್ರ ಕೂರುವುದಿಲ್ಲ.

ಎಲೆಕ್ಟ್ರಾನಿಕ್ಸ್‌ನಲ್ಲೂ ಹೀಗೇ. ಜಪಾನಿ ಮಂಡಲಗಳಲ್ಲಿ ಪದೇ ಪದೇ ಕಾಣುವ ಟ್ರಾನ್ಸಿಸ್ಟರ್ 2ಎಸ್‌ಸಿ1815. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬಿಸಿ547. ಎರಡೂ ಎನ್‌ಪಿಎನ್ ಬಗೆಯವು. ಸಣ್ಣ ಕೆಲಸಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಬಹುದು. ಆದರೆ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿರುವಾಗ, ಎಡದಿಂದ ಮೊದಲನೆಯದರ ಕಾಲುಗಳು ಎಮಿಟರ್, ಕಲೆಕ್ಟರ್, ಬೇಸ್. ಎರಡನೆಯದರವು ಕಲೆಕ್ಟರ್, ಬೇಸ್, ಎಮಿಟರ್. ಜೋಡಣೆಯ ಫೋಟೊ ನೋಡಿಕೊಂಡು ಅದೇ ತೂತುಗಳಿಗೆ ಬೆಸುಗೆ ಹಾಕಿದರೆ ಮಂಡಲ ಕೆಲಸ ಮಾಡದು. ಇಲ್ಲಿ ಫೋಟೊಗಿಂತ ಮಂಡಲದ ರೇಖಾಚಿತ್ರವನ್ನೇ ನಂಬಬೇಕು.

ಇವೆಲ್ಲ ಬರೀ ಸಮಯದ ನಷ್ಟ. ಮೂರನೆಯದು ಅಪಾಯ. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್, ನಮ್ಮಲ್ಲಿ 230 ವೋಲ್ಟ್. 100 ವೋಲ್ಟಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರನ್ನು ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಸುರುಳಿ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ವಿದ್ಯಾರ್ಥಿಗಳು ಬ್ಯಾಟರಿಯಿಂದ ನಡೆಯುವ ಮಂಡಲಗಳಿಗಷ್ಟೇ ಕೈಹಾಕುವುದು ಕ್ಷೇಮ.

'ಬೇಡ' ಎಲ್ಲಿ ಅಡಗಿದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಬಾತ್ತೆರೀ ಓ ಸೆತ್ಸುಜೊಕು ಶಿತೆ ಕುದಸಾಯಿ' ಎಂದರೆ ದಯವಿಟ್ಟು ಬ್ಯಾಟರಿಯನ್ನು ಜೋಡಿಸಿ. 'ಶಿತೆ' ಇರುವಲ್ಲಿ 'ಶಿನಾಯ್ದೆ' ಬಂದರೆ ಜೋಡಿಸಬೇಡಿ. ನೀವು ಕತಕನ ಮಾತ್ರ ಕಲಿತಿದ್ದರೆ ಎರಡೂ ವಾಕ್ಯಗಳಲ್ಲಿ ಓದಲಾಗುವುದು 'ಬಾತ್ತೆರೀ' ಎಂಬ ಒಂದೇ ಪದ. ಮಾಡಿ, ಬೇಡಿ ಎಂಬ ವ್ಯತ್ಯಾಸ ಬೇರೊಂದು ಲಿಪಿಯಲ್ಲಿ, ನಿಮ್ಮ ಕಣ್ಣು ಹಾರಿಸಿಬಿಡುವ ಜಾಗದಲ್ಲಿದೆ.

ಚಿತ್ರಕ್ಕೂ ಇದೇ ಮಿತಿ. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಅದು ತೋರಿಸುತ್ತದೆ. ಏಕೆ ಸೇರುತ್ತದೆ, ಮೊದಲ ಪ್ರಯತ್ನ ಏಕೆ ಸೋತಿತು, ಯಾವ ತಿರುಪನ್ನು ಕೊನೆಗೆ ಬಿಗಿಯಬೇಕು ಎಂಬುದನ್ನು ವಾಕ್ಯವೇ ಹೇಳಬೇಕು. ಈಗ ಮೊಬೈಲ್ ಕ್ಯಾಮರಾ ಹಿಡಿದರೆ ಅನುವಾದ ಮೂಡುತ್ತದೆ, ನಿಜ. ಅದು ಬಹಳ ಸಹಾಯಕ. ಆದರೆ ಪ್ರಕ್ಷೇಪವನ್ನೂ ಟ್ರಾನ್ಸಿಸ್ಟರಿನ ಕಾಲುಗಳನ್ನೂ ಅದು ಅನುವಾದಿಸುವುದಿಲ್ಲ. ಎಚ್ಚರಿಕೆಯ ಮಾತನ್ನು ತಪ್ಪಾಗಿ ಕೊಡುವ ಸಾಧ್ಯತೆಯೂ ಇದೆ.

ನಮ್ಮ ಬರಹಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಕನ್ನಡದ ಬಹಳಷ್ಟು ತಾಂತ್ರಿಕ ಲೇಖನಗಳು 'ಏಕೆ' ಎಂಬುದನ್ನು ಚೆನ್ನಾಗಿ ವಿವರಿಸುತ್ತವೆ, ಆದರೆ ಅಳತೆಯಿಲ್ಲ, ಮಾದರಿ ಸಂಖ್ಯೆಯಿಲ್ಲ. ಚಿತ್ರವಿದ್ದರೂ ಅದರೊಳಗಿನ ಹೆಸರುಗಳು ಇಂಗ್ಲಿಷಿನಲ್ಲಿ. ಓದಿದವರಿಗೆ ಬೆರಗಾಗುತ್ತದೆ, ಮಾಡಿ ನೋಡಲು ಆಗುವುದಿಲ್ಲ. ಜಪಾನಿ ಪತ್ರಿಕೆ ಕೈಗೆ ಬಂದಾಗ ಸರಿಯಾಗಿ ಇದರ ವಿರುದ್ಧ ಅನುಭವ: ಮಾಡಿ ನೋಡಬಹುದು, ಏಕೆಂದು ತಿಳಿಯುವುದಿಲ್ಲ. ನಮ್ಮ ಮಕ್ಕಳಿಗೆ ಎರಡೂ ಒಂದೇ ಪುಟದಲ್ಲಿ ಸಿಗಬೇಕು.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. 2016ರಿಂದ ಶಾಲೆಗಳಿಗೆ ಬಂದಿರುವ ಅಟಲ್ ಟಿಂಕರಿಂಗ್ ಲ್ಯಾಬ್ ನಿಮ್ಮಲ್ಲಿದ್ದರೆ ಇನ್ನೂ ಸುಲಭ. ಒಂದು ಜಪಾನಿ ಪುಟದ ಪ್ರತಿಯನ್ನು ವಿದ್ಯಾರ್ಥಿಗಳಿಗೆ ಕೊಡಿ. ಖಚಿತವಾಗಿ ತಿಳಿದದ್ದು, ಊಹಿಸಿದ್ದು, ತಿಳಿಯದ್ದು ಎಂದು ಮೂರು ಪಟ್ಟಿ ಬರೆಸಿ. ಊಹೆಯ ಪಟ್ಟಿಯಲ್ಲಿರುವ ಒಂದೊಂದನ್ನೂ ಮಲ್ಟಿಮೀಟರ್, ಅಳತೆಪಟ್ಟಿ, ಬಿಡಿಭಾಗದ ಮಾಹಿತಿಪತ್ರಗಳಿಂದ ಪರೀಕ್ಷಿಸಿದ ಮೇಲೆಯೇ ಬೆಸುಗೆ ಕಡ್ಡಿ ಬಿಸಿ ಮಾಡಲಿ. ಕೊನೆಗೆ ಅದೇ ಯೋಜನೆಯನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆಯಲಿ: ಚಿತ್ರದೊಳಗೆ ಕನ್ನಡ ಹೆಸರುಗಳು, ಪಕ್ಕದಲ್ಲಿ ಅಳತೆಗಳು, ಕೆಳಗೆ ಕನಿಷ್ಠ ಮೂರು 'ಹೀಗೆ ಮಾಡಬೇಡಿ'ಗಳು, ಪ್ರತಿಯೊಂದರ ಮುಂದೆ ಕಾರಣ.