ಸೂತಕ ಗೊತ್ತಿತ್ತು, ಸೋಂಕು ಗೊತ್ತಿರಲಿಲ್ಲ

ಎಂ.ಎ. ಎರಡನೆಯ ವರ್ಷದಲ್ಲಿ ‘ಸಂಸ್ಕಾರ’ ಕಾದಂಬರಿಯ ಬಗ್ಗೆ ಒಂದು ಸೆಮಿನಾರ್ ಪ್ರಬಂಧ ಬರೆದಿದ್ದೆ. ‘ಇಲ್ಲಿ ಪ್ಲೇಗು ಕೊಳೆಯುತ್ತಿರುವ ಬ್ರಾಹ್ಮಣ್ಯದ ಸಂಕೇತವಾಗಿ ಬರುತ್ತದೆ’ ಎಂಬ ವಾಕ್ಯ ಅದರಲ್ಲಿತ್ತು. ಮೇಷ್ಟ್ರು ಅದರ ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ಹಾಕದೆ ಏನು ಮಾಡಿಯಾರು. ಲೈಬ್ರರಿಯಲ್ಲಿ ಸಿಕ್ಕ ವಿಮರ್ಶಾ ಸಂಕಲನಗಳಿಂದ ನಾನು ಹೆಕ್ಕಿಕೊಂಡ ಮಾತೇ ಅದು. ಆ ಸೆಮಿನಾರು ನಡೆದದ್ದು 2020ರ ಫೆಬ್ರವರಿಯಲ್ಲಿ. ಮಾರ್ಚ್ ಮಧ್ಯದ ಹೊತ್ತಿಗೆ ಹಾಸ್ಟೆಲ್ ಖಾಲಿ ಮಾಡಿ ಎಂದರು. ಬ್ಯಾಗಿಗೆ ಕೈಗೆ ಸಿಕ್ಕ ಪುಸ್ತಕ ತುರುಕಿಕೊಂಡು ಹಾಸನದ ಕಡೆಯ ನಮ್ಮೂರಿಗೆ ಬಂದೆ. ಅದರಲ್ಲಿ ‘ಸಂಸ್ಕಾರ’ವೂ ಇತ್ತು.

ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ನಮ್ಮ ಬೀದಿಯಲ್ಲೂ ತಟ್ಟೆ ಬಡಿದರು. ವೈದ್ಯರು, ದಾದಿಯರಿಗೆ ಕೃತಜ್ಞತೆ ಹೇಳುವುದಕ್ಕೆ ಎಂದು ಹೇಳಿದ್ದು ಎಲ್ಲರಿಗೂ ನೆನಪಿದೆ. ಆದರೆ ಪಕ್ಕದ ಮನೆಯ ಹಿರಿಯರು ದೇವರ ಮನೆಯಿಂದ ಜಾಗಟೆ, ಶಂಖ ತಂದರು. ಈ ಸದ್ದಿಗೆ ಕಾಯಿಲೆ ಓಡಿಹೋಗುತ್ತದೆ ಎಂದೂ ಹೇಳಿದರು. ನನಗೆ ತಟ್ಟನೆ ನೆನಪಾದದ್ದು ದೂರ್ವಾಸಪುರ. ಅಗ್ರಹಾರದ ಮನೆಮನೆಯ ಮೇಲೆ ರಣಹದ್ದುಗಳು ಬಂದು ಕೂತಾಗ ಬ್ರಾಹ್ಮಣರು ಮಾಡುವುದೂ ಅದನ್ನೇ, ಜಾಗಟೆ ಬಾರಿಸಿ ಶಂಖ ಊದುತ್ತಾರೆ. ಹದ್ದು ಹಾರಿಹೋದರೂ ಇಲಿ ಸಾಯುತ್ತಲೇ ಇರುತ್ತದೆ. ಆ ರಾತ್ರಿ ಕಾದಂಬರಿಯನ್ನು ಮೊದಲಿಂದ ಓದತೊಡಗಿದೆ. ಈ ಸಲ ಪ್ಲೇಗನ್ನು ಪ್ಲೇಗೆಂದೇ ಓದಿಕೊಂಡೆ.

ಹಾಗೆ ಓದಿದರೆ ಮೊದಲ ಅಧ್ಯಾಯದಲ್ಲೇ ಒಂದು ಸಂಗತಿ ಎದ್ದು ಕಾಣುತ್ತದೆ. ನಾರಣಪ್ಪ ಸತ್ತ ಸುದ್ದಿ ತರುವ ಚಂದ್ರಿ ರೋಗದ ಲಕ್ಷಣವನ್ನು ಪೂರ್ತಿ ಹೇಳಿಬಿಡುತ್ತಾಳೆ: ಶಿವಮೊಗ್ಗೆಗೆ ಹೋಗಿ ಬಂದ, ಜ್ವರ ಬಂತು, ನಾಲ್ಕು ದಿನ ಮಲಗಿದ, ಮೈಯಲ್ಲಿ ನೋಯುವ ಗಂಟೆದ್ದಿತ್ತು. ಗೆಡ್ಡೆ ಪ್ಲೇಗನ್ನು ಒಮ್ಮೆ ಕಂಡವರಿಗೆ ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಿಲ್ಲ. ಆದರೆ ಕೇಳಿದವರಲ್ಲಿ ಒಬ್ಬರೂ ಗಂಟಿನ ಬಗ್ಗೆ ಮರುಪ್ರಶ್ನೆ ಹಾಕುವುದಿಲ್ಲ. ಅವರ ಮುಂದಿರುವ ಪ್ರಶ್ನೆ ಬೇರೆ. ಇವನು ಬ್ರಾಹ್ಮಣ್ಯವನ್ನು ಬಿಟ್ಟ, ಬ್ರಾಹ್ಮಣ್ಯ ಇವನನ್ನು ಬಿಟ್ಟಿತೇ? ಹೆಣ ಸುಡುವವರು ಯಾರು? ಸುಡುವ ತನಕ ಯಾರೂ ಉಣ್ಣುವ ಹಾಗಿಲ್ಲ. ಚಂದ್ರಿ ಬಿಚ್ಚಿಟ್ಟ ಚಿನ್ನ ಬೇರೆ ಅಂಗಳದಲ್ಲಿ ಬಿದ್ದಿದೆ.

ಇದನ್ನು ಮೂಢತನ ಎಂದು ನಗುವುದು ಸುಲಭ. ನಾನು ಎಂ.ಎ.ಯಲ್ಲಿ ನಕ್ಕಿದ್ದೆ ಕೂಡ. ಈಗ ಅನಿಸುವುದೇನೆಂದರೆ, ಹೊಸ ಆಪತ್ತೊಂದು ಬಾಗಿಲಿಗೆ ಬಂದಾಗ ಒಂದು ಸಮುದಾಯ ಮೊದಲು ತನಗೆ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತದೆ. ಧರ್ಮಸೂಕ್ಷ್ಮ ಬಲ್ಲವರು ಧರ್ಮಸೂಕ್ಷ್ಮ ಕೇಳಿದರು. ಕಮೂನ ‘ಪ್ಲೇಗ್’ ಕಾದಂಬರಿಯ ಓರಾನ್ ನಗರದಲ್ಲಿ ಶಾಸ್ತ್ರಿಗಳಿಲ್ಲ, ವೈದ್ಯರೇ ಇದ್ದಾರೆ. ಅಲ್ಲಿಯೂ ಇಲಿ ಸತ್ತು ಗುಡ್ಡೆ ಬಿದ್ದ ಮೇಲೂ ಆ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಕೆ. ಸಭೆ ಸೇರಿ ಚರ್ಚಿಸುತ್ತಾರೆ. ಕಣ್ಣಿಗೆ ಬೀಳದಂಥ ಮೂಲೆಯಲ್ಲಿ ಚಿಕ್ಕ ಅಕ್ಷರದ ನೋಟೀಸು ಅಂಟಿಸುತ್ತಾರೆ. ಅವರಿಗೆ ಆಡಳಿತದ ಭಾಷೆ ಗೊತ್ತು. ಆ ಭಾಷೆಯಲ್ಲಿ ಕಾಲ ತಳ್ಳಿದರು. ದೂರ್ವಾಸಪುರದವರು ತಾಳೆಗರಿಯಲ್ಲಿ ತಳ್ಳಿದರು. ನಮ್ಮ ನವ್ಯ ವಿಮರ್ಶೆ ಅನಂತಮೂರ್ತಿಯವರ ಪಕ್ಕದಲ್ಲಿ ಕಮೂನನ್ನು ಕೂರಿಸಿದ್ದೆಲ್ಲ ಅಸ್ತಿತ್ವವಾದದ ಪಾಠಕ್ಕೆ. ಇಬ್ಬರ ಕಾದಂಬರಿಯಲ್ಲೂ ಸತ್ತ ಇಲಿ ಬಿದ್ದಿದೆ ಎಂಬುದಕ್ಕೆ ಯಾಕೋ ಅಷ್ಟು ಬೆಲೆ ಬರಲಿಲ್ಲ.

‘ಸಂಸ್ಕಾರ’ದಲ್ಲಿ ರೋಗದ ಹೆಸರು ಮೊದಲು ಹೊಳೆಯುವುದು ಪಾರಿಜಾತಪುರದ ಮಂಜಯ್ಯನಿಗೆ. ಅವನು ಪಂಡಿತನಲ್ಲ, ವೈದ್ಯನೂ ಅಲ್ಲ. ‘ತಾಯಿನಾಡು’ ಪತ್ರಿಕೆಯಲ್ಲಿ ಶಿವಮೊಗ್ಗೆಯ ಪ್ಲೇಗಿನ ಸುದ್ದಿ ಓದಿದವನು, ಅಷ್ಟೆ. ಶಿವಮೊಗ್ಗೆ, ಜ್ವರ, ಗಂಟು, ಇಲಿ ಇವನ್ನೆಲ್ಲ ಕೂಡಿಸಿ ನೋಡುವುದಕ್ಕೆ ಒಂದು ದಿನಪತ್ರಿಕೆ ಸಾಕಾಯಿತು. ಪ್ರಾಣೇಶಾಚಾರ್ಯರು ಕಾಶಿಯಲ್ಲಿ ಓದಿ ಬಂದವರು, ಆ ಸೀಮೆಗೆಲ್ಲ ದೊಡ್ಡ ವಿದ್ವಾಂಸರು; ಅವರ ಗ್ರಂಥಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಮಾರುತಿಯೂ ಪ್ರಸಾದ ಕೊಡಲಿಲ್ಲ. ಪ್ರಾಣೇಶಾಚಾರ್ಯರ ಸೋಲನ್ನು ನಾವು ಆಧ್ಯಾತ್ಮಿಕ ಬಿಕ್ಕಟ್ಟಾಗಿ ಓದಿದ್ದೇವೆ. ಅದು ಹೌದು. ಜೊತೆಗೆ ಅವರು ಪೇಪರ್ ಓದುತ್ತಿರಲಿಲ್ಲ ಎಂಬುದೂ ಹೌದು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾದಂಬರಿಯ ಶಬ್ದಕೋಶ. ಮೈಲಿಗೆ, ಸೂತಕ, ಮಡಿ, ಪಂಕ್ತಿ, ಪ್ರಾಯಶ್ಚಿತ್ತ. ಯಾರು ಯಾರನ್ನು ಮುಟ್ಟಿದರೆ ಏನಾಗುತ್ತದೆ ಎಂಬುದರ ಬಗ್ಗೆ ಇಷ್ಟು ನಿಖರವಾದ ಲೆಕ್ಕ ಇಟ್ಟ ಸಮುದಾಯ ಇನ್ನೊಂದಿಲ್ಲವೇನೋ. ಆದರೆ ಅವರ ಲೆಕ್ಕದಲ್ಲಿ ಸೂತಕ ಇದೆ, ಸೋಂಕು ಇಲ್ಲ. ಹೆಣ ಮುಟ್ಟಿದರೆ ಮೈಲಿಗೆ. ಹೆಣ ಇರುವ ಬೀದಿಯಲ್ಲಿ ಇಲಿಗಳ ನಡುವೆ ಮಲಗಿದರೆ ಏನೂ ಇಲ್ಲ. ಪ್ಲೇಗಿನ ವಿಷಯದಲ್ಲಿ ಅಪಾಯ ಇದ್ದದ್ದು ಇಲಿಯ ಮೈಮೇಲಿನ ಚಿಗಟದಲ್ಲಿ. ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಅದನ್ನು ಕಂಡುಹಿಡಿದದ್ದೂ ನಮ್ಮ ಉಪಖಂಡದಲ್ಲೇ. ಇಲಿ ಸತ್ತು ತಣ್ಣಗಾದರೆ ಚಿಗಟ ಬಿಸಿ ಮೈ ಹುಡುಕಿಕೊಂಡು ಹೊರಡುತ್ತದೆ. ಬ್ರಾಹ್ಮಣರು ಹೆಣ ಬಿಟ್ಟು ಮೊದಲು ಪಾರಿಜಾತಪುರಕ್ಕೆ, ಆಮೇಲೆ ಕೈಮರಕ್ಕೆ, ಅಲ್ಲಿಂದ ಮಠಕ್ಕೆ ಶಾಸ್ತ್ರ ಕೇಳುತ್ತ ನಡೆಯುತ್ತಾರೆ. ದಾರಿಯಲ್ಲೇ ದಾಸಾಚಾರ್ಯ ಜ್ವರದಿಂದ ಮಲಗುತ್ತಾನೆ. ಹಸಿವು ತಡೆಯಲಾರದೆ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ತಿಂದು ಬಂದವನು ಅವನು. ಉಳಿದವರ ಕಣ್ಣಲ್ಲಿ ಅದು ತಪ್ಪು. ಅವನು ಹೊತ್ತು ತಿರುಗಿದ್ದು ಇನ್ನೇನನ್ನೋ ಎಂದು ಓದುಗರಿಗೆ ಮಾತ್ರ ಗೊತ್ತು.

ಪ್ರಾಣೇಶಾಚಾರ್ಯರ ನಡಿಗೆಯೂ ಹಾಗೆಯೇ. ಹೆಂಡತಿ ಭಾಗೀರಥಿ ಪ್ಲೇಗಿನಿಂದ ತೀರಿಕೊಂಡ ಮೇಲೆ ಒಬ್ಬರೇ ಸಂಸ್ಕಾರ ಮುಗಿಸಿ, ಕಾಲು ಒಯ್ದತ್ತ ಹೊರಟು ಮೇಳಿಗೆಯ ತೇರಿನ ಜನಜಂಗುಳಿಗೆ ಬಂದು ಸೇರುತ್ತಾರೆ. ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಆ ದೃಶ್ಯದ ಒತ್ತಡವೆಲ್ಲ ಇರುವುದು ಒಂದೇ ಭಯದಲ್ಲಿ: ಸೂತಕದವನು ಪಂಕ್ತಿಯಲ್ಲಿ ಕೂತದ್ದು ಗೊತ್ತಾದರೆ? 2020ರಲ್ಲಿ ಆ ಪುಟ ಓದುವಾಗ ನಾನು ಹೆದರಿದ್ದು ಬೇರೆ ಕಾರಣಕ್ಕೆ. ಪ್ಲೇಗಿನ ಮನೆಯಿಂದ ಎದ್ದು ಬಂದವನು, ಉಟ್ಟ ಬಟ್ಟೆಯಲ್ಲಿ, ಜಾತ್ರೆಯ ನಡುವೆ! ಕಾದಂಬರಿಗೆ ಆ ಭಯ ಇಲ್ಲವೇ ಇಲ್ಲ. ನಿರೂಪಣೆ ಆಚಾರ್ಯರ ತಲೆಯೊಳಗೆ ಕೂತುಬಿಟ್ಟಿರುವುದರಿಂದ ಅವರಿಗೆ ಕಾಣದ್ದು ಅದಕ್ಕೂ ಕಾಣುವುದಿಲ್ಲ. ಎರಡನೆಯ ಭಾಗದಿಂದಾಚೆಗೆ ಪ್ಲೇಗು ಹೆಚ್ಚುಕಡಿಮೆ ಮಾಯವೇ ಆಗುತ್ತದೆ. ಕೊನೆಗೆ ಆಚಾರ್ಯರು ಗಾಡಿ ಹತ್ತಿ ಊರಿಗೆ ಹೊರಟಾಗ ಅಗ್ರಹಾರದಲ್ಲಿ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂದು ನಮಗೆ ತಿಳಿಯುವುದೂ ಇಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನಿಮಾ ನೋಡಿದ ಮೇಲೆ ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದೂ ಪ್ಲೇಗಿನ ಸಿನಿಮಾ ಎಂಬುದನ್ನು ಮಾತ್ರ ಮರೆಯುತ್ತೇವೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡ ಬಾಲ್ಯದ ನೆನಪು. ಊರಿಗೆ ಪ್ಲೇಗು ಬಂದಾಗ ಚುಚ್ಚುಮದ್ದು ಹಾಕುವವರು ಅಗ್ರಹಾರಕ್ಕೆ ಬಂದರು, ದಲಿತರ ಕೇರಿಗೆ ಹೋಗಲಿಲ್ಲ. ಹೋದರೆ ಮುಟ್ಟಬೇಕಾಗುತ್ತಿತ್ತಲ್ಲ. ಕೇರಿಯವರು ಸತ್ತರು, ಗುಡಿಸಲು ಸುಟ್ಟವು. ಅಗ್ರಹಾರದ ತರುಣನೊಬ್ಬನ ಜೊತೆ ಸಂಬಂಧವಿದ್ದ ಹುಡುಗಿಯೊಬ್ಬಳು, ಊರು ಬಿಟ್ಟು ಹೋದದ್ದರಿಂದ ಉಳಿದುಕೊಂಡಳು.

ಈ ನೆನಪನ್ನು ಕಾದಂಬರಿಯ ಪಕ್ಕ ಇಟ್ಟು ನೋಡಿ. ಹುಡುಗಿ ಬೆಳ್ಳಿಯಾಗಿ ಬಂದಿದ್ದಾಳೆ, ತರುಣ ಶ್ರೀಪತಿಯಾಗಿದ್ದಾನೆ. ಸುಡುವ ಗುಡಿಸಲೂ ಬಂದಿದೆ: ಕೇರಿಯಲ್ಲಿ ಗಂಡಹೆಂಡಿರಿಬ್ಬರು ಜ್ವರ ಬಂದು ಸತ್ತರೆ ಭೂತದ ಕೆಲಸವೆಂದು ನಂಬಿ, ಹೆಣ ಒಳಗಿದ್ದಂತೆಯೇ ಗುಡಿಸಲಿಗೆ ಬೆಂಕಿ ಕೊಡುತ್ತಾರೆ. ಸುದ್ದಿ ಅಗ್ರಹಾರದ ಅಂಗಳದ ತನಕ ಬರುತ್ತದೆ. ಆ ಸಾವನ್ನೂ ಈ ಸಾವನ್ನೂ ಯಾರೂ ಕೂಡಿಸುವುದಿಲ್ಲ. ಚುಚ್ಚುಮದ್ದಿನ ಸೂಜಿ ಮಾತ್ರ ಕಾದಂಬರಿಯ ಕೇರಿ, ಅಗ್ರಹಾರ ಎರಡರಿಂದಲೂ ಬಿಟ್ಟುಹೋಗಿದೆ. ಅಂದರೆ ಸೋಂಕನ್ನು ತಡೆಯಬಲ್ಲ ಒಂದು ವಸ್ತು ಇತ್ತು, ಮೈಲಿಗೆಯ ಲೆಕ್ಕ ಅದನ್ನು ಕೇರಿಯ ಗಡಿಯಲ್ಲಿ ನಿಲ್ಲಿಸಿತು ಎಂಬ ಸಂಗತಿಯೇ ಬಿಟ್ಟುಹೋಗಿದೆ. ಸೂಜಿ ಇದ್ದಿದ್ದರೆ ನಾವು ಪ್ಲೇಗನ್ನು ಸಂಕೇತ ಎಂದು ಅಷ್ಟು ಸಲೀಸಾಗಿ ಕರೆಯುತ್ತಿರಲಿಲ್ಲ. ಯಾರನ್ನು ಸಾಯಲು ಬಿಟ್ಟರು ಎಂದು ಕೇಳಬೇಕಾಗುತ್ತಿತ್ತು. ಕಾದಂಬರಿಕಾರರು ಹೀಗೆ ಬರೆಯಬೇಕಿತ್ತು ಎಂದು ಅಪ್ಪಣೆ ಕೊಡುತ್ತಿಲ್ಲ. ಒಂದು ಹೆಣಕ್ಕೆ ಯಾವ ಸಂಸ್ಕಾರ ಎಂದು ಪುಟಗಟ್ಟಲೆ ಚರ್ಚೆ, ಪಕ್ಕದಲ್ಲೇ ಹೆಣಗಳು ಗುಡಿಸಲಿನ ಸಮೇತ ಎರಡು ಸಾಲಿನಲ್ಲಿ ಉರಿದುಹೋಗುತ್ತವೆ. ಈ ಅಸಮತೋಲ ಬೇಕೆಂದೇ ಇಟ್ಟದ್ದು ಎಂದೇ ನನ್ನ ಓದು. ಅದನ್ನು ಗಮನಿಸದೆ ಬಿಟ್ಟವರು ನಾವು.

ಇದಕ್ಕೆ ಎದುರಾಗಿ ಭೈರಪ್ಪನವರ ‘ಗೃಹಭಂಗ’ವನ್ನು ಇಟ್ಟುಕೊಂಡರೆ ಬೇರೆಯೇ ಲೋಕ. ಸ್ವಂತ ಮನೆಯಲ್ಲೇ ಪ್ಲೇಗಿನ ಸಾವುಗಳನ್ನು ಕಂಡವರು ಬರೆದದ್ದು ಅದು. ಅಲ್ಲಿ ಪ್ಲೇಗು ಯಾವುದಕ್ಕೂ ಸಂಕೇತವಲ್ಲ. ರಾಮಸಂದ್ರದವರಿಗೆ ಅದು ಹೊಸದೂ ಅಲ್ಲ; ಇಲಿ ಬಿದ್ದರೆ ಊರು ಬಿಡಬೇಕು, ಊರಾಚೆ ಶೆಡ್ಡು ಹಾಕಬೇಕು ಎಂದು ಗೊತ್ತು. ಗೊತ್ತಿದ್ದೂ ನಂಜಮ್ಮ ಬೆಳೆದ ಮಕ್ಕಳಿಬ್ಬರನ್ನು ಕಳೆದುಕೊಳ್ಳುತ್ತಾಳೆ. ಅಲ್ಲಿ ಯಾರೂ ತತ್ವ ಮಾತಾಡುವುದಿಲ್ಲ. ಗಳ, ಸೋಗೆ, ಗಾಡಿ, ಒಲೆ ಇವೇ ಚಿಂತೆ. ಭೈರಪ್ಪನವರ ಮುಂದಿನ ಕಾದಂಬರಿಗಳ ವಿಚಾರಮಂಡನೆಯ ಬಗ್ಗೆ ನನಗೆ ತಕರಾರುಗಳಿವೆ. ಈ ಪುಟಗಳ ಬಗ್ಗೆ ಇಲ್ಲ.

ಲಾಕ್‌ಡೌನಿನ ಮೊದಲ ವಾರ ನಮ್ಮೂರಿನ ಹುಡುಗರು ದಾರಿಗೆ ಮುಳ್ಳು, ಕಲ್ಲು ಅಡ್ಡ ಹಾಕಿ ಹೊರಗಿನವರು ಬಾರದಂತೆ ಕಾವಲು ಕೂತರು. ಬೆಂಗಳೂರಿಂದ ವಾಪಸು ಬಂದ ನಮ್ಮೂರವರೇ ಆಗ ಹೊರಗಿನವರು. ಅಜ್ಜಿ ಜಗಲಿಯಲ್ಲಿ ಕೂತು ನೋಡಿ, “ಈಗೇನು ಊರೊಳಗೇ ಇರಿ ಅಂತಾರಲ್ಲ, ಆಗ ಊರು ಬಿಡಿ ಅಂತಿದ್ರು” ಎಂದಳು. ಅವಳಿಗೆ ಏಳೋ ಎಂಟೋ ವರ್ಷವಿದ್ದಾಗ ಪ್ಲೇಗಿಗೆ ಊರು ಬಿಟ್ಟಿದ್ದರಂತೆ. ಹೊಲದಲ್ಲಿ ಗುಡ್ಲು, ರಾತ್ರಿ ಬುಡ್ಡಿದೀಪ, ಮಕ್ಕಳಿಗೆಲ್ಲ ಹಬ್ಬದ ಹಾಗೆ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಯಾರ ಗುಡ್ಲು ಎಲ್ಲಿತ್ತು, ಬಾವಿ ಯಾವುದು, ಎಲ್ಲ ಕೈಯಲ್ಲಿ ಗೆರೆ ಎಳೆದು ತೋರಿಸಿದಳು. ಕೇರಿಯವರು ಎಲ್ಲಿ ಹಾಕಿಕೊಂಡಿದ್ರಜ್ಜಿ ಎಂದೆ. ರೆಕಾರ್ಡಿಂಗಿನಲ್ಲಿ ಅಲ್ಲಿ ಸ್ವಲ್ಪ ಹೊತ್ತು ಕೋಳಿಯ ಸದ್ದು ಮಾತ್ರ ಇದೆ. “ಇನ್ನೂ ಆಚೆಗೆ ಇದ್ರೇನೋ. ನಾವು ಆ ಕಡೆ ಹೋಗ್ಲಿಲ್ಲಪ್ಪ.”

ಆ ದಿನಗಳಲ್ಲೇ ಕನ್ನಡದ ಪತ್ರಿಕೆ, ಟೀವಿಗಳು ‘ಸಾಮಾಜಿಕ ಅಂತರ’ ಎಂಬ ಪದವನ್ನು ಚಲಾವಣೆಗೆ ತಂದವು. ಬರೀ ‘ಅಂತರ’ ಎಂದಿದ್ದರೂ ಸಾಕಿತ್ತು. ದೂರ್ವಾಸಪುರದವರಿಗೆ ಸೋಂಕಿನ ಪದ ಇರಲಿಲ್ಲ, ನಮಗೆ ಇತ್ತು. ಆದರೆ ನಮ್ಮ ಸೋಂಕಿನ ಪದದೊಳಗೆ ಹಳೆಯ ಮೈಲಿಗೆ ಎಷ್ಟು ಬೇಗ ಬಂದು ಕೂತಿತು ಎಂದು ಏಪ್ರಿಲ್ ತಿಂಗಳು ತೋರಿಸಿತು. ತಬ್ಲೀಗಿ ಸುದ್ದಿ ಹಬ್ಬಿದ ಮೇಲೆ ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಊರಿಗೆ ಬಿಡಬೇಡಿ ಎನ್ನುವ ವಾಟ್ಸ್ಯಾಪ್ ಸಂದೇಶಗಳು ನನ್ನ ಫೋನಿಗೂ ಬಂದವು. ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್ ಹೆಣಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೊ ಬಂತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಮನೆಯವರೇ ಹೆಣ ಮುಟ್ಟಲು ಅಂಜಿದ ಆ ಕಾಲದಲ್ಲಿ ಬೆಂಗಳೂರಿನ ಮುಸ್ಲಿಂ ತರುಣರ ತಂಡಗಳು ಯಾವ ಜಾತಿ ಧರ್ಮ ಎಂದು ಕೇಳದೆ ಅಂತ್ಯಸಂಸ್ಕಾರ ಮಾಡಿದವು. ಕಾದಂಬರಿಯಲ್ಲಿ ನಾರಣಪ್ಪನ ಹೆಣವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಸುಡುವವನು ಮೀನು ವ್ಯಾಪಾರದ ಅಹ್ಮದ್ ಬ್ಯಾರಿ. ಹಿಂದೆ ಎತ್ತು ಕೊಳ್ಳಲು ನಾರಣಪ್ಪ ದುಡ್ಡು ಕೊಟ್ಟಿದ್ದನೆಂಬ ಋಣಕ್ಕೆ. ಶಾಸ್ತ್ರದ ಚರ್ಚೆ ಮುಗಿಯುವ ಮೊದಲೇ ಅವನು, ಚಂದ್ರಿ ಸೇರಿ ರಾತ್ರೋರಾತ್ರಿ ಕೆಲಸ ಮುಗಿಸಿರುತ್ತಾರೆ. ಅಗ್ರಹಾರಕ್ಕೆ ಅದು ಗೊತ್ತೇ ಇಲ್ಲ; ಇಲ್ಲದ ಹೆಣದ ಬಗ್ಗೆ ಮಠದ ತನಕ ವಾದ ಬೆಳೆಯುತ್ತದೆ. ವಿಮರ್ಶೆಯಲ್ಲಿ ಬ್ಯಾರಿಗೆ ಸಿಕ್ಕ ಜಾಗವೂ ಒಂದು ವಾಕ್ಯವೇ.

ಈಗ ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಇದರ ಬಗ್ಗೆಯೇ ಇದೆ. ಗೈಡ್ ಮೇಡಂ ಕರಡು ಓದಿ, ‘ಚಿಗಟದ ವಿಷಯ ಸಾಹಿತ್ಯ ವಿಮರ್ಶೆಯಲ್ಲ, ಅಡಿಟಿಪ್ಪಣಿಗೆ ಹಾಕು’ ಎಂದಿದ್ದಾರೆ. ಗುಡಿಸಲು ಸುಟ್ಟ ಭಾಗವನ್ನೂ ಅಲ್ಲಿಗೇ ಸರಿಸಬಹುದು ಎನ್ನುವುದು ಅವರ ಸಲಹೆ. ಚಿಗಟವನ್ನು ಕೆಳಗೆ ಕಳಿಸಿದ್ದೇನೆ. ಗುಡಿಸಲಿನ ಬಗ್ಗೆ ಇನ್ನೂ ಒಪ್ಪಿಲ್ಲ. ಬರುವ ಗುರುವಾರ ಮತ್ತೆ ಕೂತು ಮಾತಾಡುವುದಿದೆ.