ಆಶ್ರಯ ತಪ್ಪಿದ ಕಥನ: ವಿಜ್ಞಾನ ಧಾರಾವಾಹಿಗಳ ವಲಸೆ ಮತ್ತು ಕೋಲ್ಕತ್ತದ ಒಂದು ನಿದರ್ಶನ

ಒಂದು ದೂರದರ್ಶನ ವಾಹಿನಿಯು ನಡುವೆ ಕೈಬಿಟ್ಟ ವಿಜ್ಞಾನಕಥಾ ಧಾರಾವಾಹಿಯನ್ನು ಮತ್ತೊಂದು ವಾಹಿನಿ ಎತ್ತಿಕೊಂಡು ಮುಂದುವರಿಸುವುದು ಬಹಳ ಅಪರೂಪ. ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ ಅಭಿರುಚಿಗೆ ಸಂಬಂಧಿಸಿದ್ದು. ಈ ಪ್ರಕಾರಕ್ಕೆ ಒಲಿದವರು ಕಡಿಮೆ, ಆದುದರಿಂದ ಅದಕ್ಕೆ ಎರಡನೆಯ ಬಾಗಿಲು ತೆರೆಯುವುದಿಲ್ಲ ಎಂಬುದು ಆ ವಾದ. ಭಾರತೀಯ ಭಾಷೆಗಳ ಸಂದರ್ಭದಲ್ಲಿ ಈ ವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಜ್ಞಾನಕಥನ ನಮ್ಮ ನೆಲದ್ದಲ್ಲ, ಆದ್ದರಿಂದಲೇ ಅದು ಇಲ್ಲಿ ಬೇರೂರಲಿಲ್ಲ ಎಂಬ ತೀರ್ಪು ಸಾಹಿತ್ಯಚರಿತ್ರೆಯ ಚರ್ಚೆಗಳಲ್ಲಿ ಸುಲಭವಾಗಿ ನುಸುಳಿಬಿಡುತ್ತದೆ. ಈ ತೀರ್ಪನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಥನವೊಂದು ತನ್ನ ಆಶ್ರಯವನ್ನು ಬದಲಿಸಬಲ್ಲುದೆ ಎಂಬುದನ್ನು ಜನಪ್ರಿಯತೆಗಿಂತ ಮೊದಲು ಒಡೆತನ ನಿರ್ಧರಿಸುತ್ತದೆ ಎಂಬುದು ನಮ್ಮ ನಿಲುವು. ಇದನ್ನು ಪರೀಕ್ಷಿಸಲು ಕೋಲ್ಕತ್ತ ನಗರವು ಅಪೂರ್ವವಾದ ಆಧಾರವನ್ನು ಒದಗಿಸುತ್ತದೆ. ಅಲ್ಲಿ ಒಬ್ಬನೇ ಲೇಖಕನ, ಒಂದೇ ಪ್ರಕಾರದ, ಒಂದೇ ಕಾಲದ ಎರಡು ಕಥನಗಳು ಎರಡು ಬಗೆಯ ಗತಿಯನ್ನು ಕಂಡಿವೆ.

1

ಮೊದಲು ಧಾರಾವಾಹಿಯ ಆರ್ಥಿಕ ಸ್ವರೂಪವನ್ನು ಸಂಕ್ಷೇಪವಾಗಿ ಗಮನಿಸಬೇಕು. ಅಮೆರಿಕದ ಪದ್ಧತಿಯಲ್ಲಿ ವಾಹಿನಿಯು ಕಂತೊಂದಕ್ಕೆ ಕೊಡುವ ಪ್ರಸಾರ ಶುಲ್ಕ ಆ ಕಂತಿನ ನಿರ್ಮಾಣ ವೆಚ್ಚಕ್ಕಿಂತ ಕಡಿಮೆ ಇರುವುದು ವಾಡಿಕೆಯಾಗಿತ್ತು. ನಿರ್ಮಾಣ ಸಂಸ್ಥೆ ಆ ಕೊರತೆಯನ್ನು ತಾನೇ ಹೊತ್ತು, ಸಾಕಷ್ಟು ಕಂತುಗಳು ಸೇರಿದ ಮೇಲೆ ಸ್ಥಳೀಯ ಕೇಂದ್ರಗಳಿಗೂ ಹೊರದೇಶಗಳಿಗೂ ಮರುಪ್ರಸಾರದ ಹಕ್ಕನ್ನು ಮಾರಿ ಲಾಭ ಪಡೆಯುತ್ತಿತ್ತು. ಹೀಗಿರುವಾಗ ನಡುವೆ ನಿಂತ ಧಾರಾವಾಹಿಯನ್ನು ಕೊಳ್ಳಬಯಸುವ ಹೊಸ ವಾಹಿನಿಗೆ ದೊರೆಯುವುದೇನು? ಇಳಿಮುಖವಾದ ಪ್ರೇಕ್ಷಕವರ್ಗ, ವರ್ಷವರ್ಷಕ್ಕೂ ಏರುವ ನಟರ ಸಂಭಾವನೆ, ತನ್ನದಲ್ಲದ ಹಳೆಯ ಕಂತುಗಳು. ತಾನು ಹಣ ಸುರಿದು ಮಾಡುವ ಪ್ರಚಾರದ ಫಲದಲ್ಲಿ ಒಂದು ಪಾಲು ಆ ಹಳೆಯ ಕಂತುಗಳ ಒಡೆಯನಿಗೇ ಸಲ್ಲುತ್ತದೆ. ಇವೆಲ್ಲ ಯಾವ ಧಾರಾವಾಹಿಗಾದರೂ ಇರುವ ತೊಡಕುಗಳೇ. ವಿಜ್ಞಾನಕಥನಕ್ಕೆ ಇನ್ನೂ ಒಂದಿದೆ. ಸಾಂಸಾರಿಕ ಕಥೆಗೆ ಬೇಕಾದ ಮನೆ, ಬೀದಿ, ನ್ಯಾಯಾಲಯಗಳು ಎಲ್ಲಿಯಾದರೂ ದೊರೆತಾವು; ಆಕಾಶನೌಕೆಯ ಒಳಾಂಗಣ ಬಾಡಿಗೆಗೆ ಸಿಗುವುದಿಲ್ಲ. ಅದನ್ನು ಕಟ್ಟಬೇಕು, ಚಿತ್ರೀಕರಣ ನಿಂತ ದಿನಗಳಲ್ಲಿ ಬಾಡಿಗೆ ತೆತ್ತು ಕಾಯ್ದಿಡಬೇಕು, ಇಲ್ಲವೇ ಒಡೆದುಹಾಕಬೇಕು. ಒಪ್ಪಂದದ ಅವಧಿ ಮುಗಿದೊಡನೆ ನಟರು ಬೇರೆಡೆಗೆ ಹೋಗುತ್ತಾರೆ. ಹೊಸ ಆಶ್ರಯದಾತ ಮನಸ್ಸು ಮಾಡುವ ಹೊತ್ತಿಗೆ ಅವನು ಕೊಳ್ಳಬೇಕಾದ ಲೋಕವೇ ಚದುರಿಹೋಗಿರುತ್ತದೆ.

ವಲಸೆ ಹೋಗಿ ಉಳಿದ ಕೆಲವು ಧಾರಾವಾಹಿಗಳನ್ನು ನೋಡಿದರೆ ಒಡೆತನದ ಪಾತ್ರ ಸ್ಪಷ್ಟವಾಗುತ್ತದೆ. ‘ಬ್ಯಾಬಿಲಾನ್ 5’ ತನ್ನ ಐದನೆಯ ಸರಣಿಯನ್ನು 1998ರಲ್ಲಿ ಟಿಎನ್‌ಟಿ ವಾಹಿನಿಯಲ್ಲಿ ಪೂರೈಸಿತು. ಅದರ ಹಿಂದಿದ್ದ ವಾರ್ನರ್ ಸಂಸ್ಥೆ ಮತ್ತು ಆ ವಾಹಿನಿ, ಎರಡೂ 1996ರಿಂದ ಒಂದೇ ಒಡೆತನಕ್ಕೆ ಸೇರಿದ್ದವು ಎಂಬುದನ್ನು ಮರೆಯುವಂತಿಲ್ಲ. ಅದು ಮನೆ ಬದಲಿಸಲಿಲ್ಲ, ಕೋಣೆ ಬದಲಿಸಿತು. ‘ದಿ ಎಕ್ಸ್‌ಪಾನ್ಸ್’ 2018ರಲ್ಲಿ ಸೈಫೈ ವಾಹಿನಿಯಿಂದ ಹೊರಬಿದ್ದು ಅಮೆಜಾನಿನಲ್ಲಿ ಮತ್ತೆ ಮೂರು ಸರಣಿಗಳನ್ನು ಕಂಡಿತು. ಅದರ ಒಡೆತನ ಆಲ್ಕನ್ ಎಂಬ ಸ್ವತಂತ್ರ ನಿರ್ಮಾಣ ಸಂಸ್ಥೆಯದು. ವಾಹಿನಿಯ ಕೈಯಲ್ಲಿದ್ದದ್ದು ಅಮೆರಿಕದ ಪ್ರಥಮ ಪ್ರಸಾರದ ಹಕ್ಕು ಮಾತ್ರ. ಇದಕ್ಕೆ ವಿರುದ್ಧವಾದ ನಿದರ್ಶನ ‘ಫೈರ್‌ಫ್ಲೈ’. 2002ರಲ್ಲಿ ಫಾಕ್ಸ್ ವಾಹಿನಿ ಸಿದ್ಧವಾಗಿದ್ದ 14 ಕಂತುಗಳಲ್ಲಿ 11ನ್ನು ಮಾತ್ರ ಪ್ರಸಾರ ಮಾಡಿ ಅದನ್ನು ನಿಲ್ಲಿಸಿತು. ನಿರ್ಮಾಣ ಸಂಸ್ಥೆಯೂ ಅದೇ ಬಳಗದ್ದು. 2005ರಲ್ಲಿ ಯೂನಿವರ್ಸಲ್ ಸಂಸ್ಥೆಯಿಂದ ಒಂದು ಚಲನಚಿತ್ರ ಬಂದಿತಾದರೂ ಧಾರಾವಾಹಿ ಮರಳಲಿಲ್ಲ. ಇನ್ನು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪ್ರೇಕ್ಷಕರ ಪತ್ರಗಳ ಒತ್ತಾಯ ಪ್ರಸಿದ್ಧವಾದುದು. ಮೂರನೆಯ ಸರಣಿ ನಡೆದರೂ 1969ರಲ್ಲಿ 79 ಕಂತುಗಳಿಗೆ ಅದು ನಿಂತಿತು. ಬೇರೆ ಯಾವ ಜಾಲವೂ ಅದನ್ನು ಮುಂದುವರಿಸಲಿಲ್ಲ. ಮುಂದೆ ಮರುಪ್ರಸಾರದಿಂದ ಬೆಳೆದ ಕೀರ್ತಿಯ ಬಲದ ಮೇಲೆ 1979ರಲ್ಲಿ ಚಲನಚಿತ್ರವಾಗಿಯೂ 1987ರಲ್ಲಿ ಹೊಸ ಪಾತ್ರಗಳ ಬೇರೊಂದು ಧಾರಾವಾಹಿಯಾಗಿಯೂ ಹುಟ್ಟಿತು. ಇದನ್ನು ಪುನರ್ಜನ್ಮವೆನ್ನಬಹುದು, ವಲಸೆ ಎನ್ನಲಾಗದು.

2

ಈ ಸಮಸ್ಯೆ ಅಮೆರಿಕದ ವಾಹಿನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬೇಕಾಗಿಲ್ಲ. ಧಾರಾವಾಹಿಯಲ್ಲದಿದ್ದರೂ ಅದೇ ಬಗೆಯ ಬಂಧನಕ್ಕೆ ಸಿಕ್ಕಿದ ಕಥನವೊಂದು ಕೋಲ್ಕತ್ತದಲ್ಲಿಯೇ ಹುಟ್ಟಿತ್ತು. ಸತ್ಯಜಿತ್ ರಾಯ್ ಅವರು 1961ರಲ್ಲಿ ತಮ್ಮ ಮನೆತನದ ಮಕ್ಕಳ ಪತ್ರಿಕೆಯಾದ ‘ಸಂದೇಶ’ವನ್ನು ಪುನರುಜ್ಜೀವನಗೊಳಿಸಿದರು. 1962ರಲ್ಲಿ ಅದರಲ್ಲಿ ‘ಬಂಕುಬಾಬುರ್ ಬಂಧು’ ಎಂಬ ಕಥೆಯನ್ನು ಬರೆದರು. ಊರವರೆಲ್ಲರ ಗೇಲಿಗೆ ಗುರಿಯಾದ ಹಳ್ಳಿಯ ಶಾಲಾ ಉಪಾಧ್ಯಾಯನೊಬ್ಬನಿಗೆ ಅನ್ಯಗ್ರಹದ ಜೀವಿಯೊಂದು ಗೆಳೆಯನಾಗುವುದು ಅದರ ವಸ್ತು. ಭೂಮಿಗಿಳಿಯುವ ಸ್ನೇಹಶೀಲ ಜೀವಿಯೆಂಬ ಈ ಕಲ್ಪನೆಯಿಂದ ಮುಂದೆ 1967ರಲ್ಲಿ ‘ದಿ ಏಲಿಯನ್’ ಚಿತ್ರಕಥೆ ರೂಪುಗೊಂಡಿತು. ಬಂಗಾಳದ ಹಳ್ಳಿಯ ಕೊಳಕ್ಕೆ ಆಕಾಶನೌಕೆಯೊಂದು ಬಂದಿಳಿಯುತ್ತದೆ. ನೀರ ಮೇಲೆ ಕಾಣುವ ಅದರ ಶಿಖರವನ್ನು ಜನ ಮುಳುಗಿದ ದೇಗುಲವೆಂದು ಬಗೆಯುತ್ತಾರೆ. ವ್ಯಾಪಾರಿಯೊಬ್ಬ ಅದರಿಂದ ಪುಣ್ಯವನ್ನೂ ಲಾಭವನ್ನೂ ಒಟ್ಟಿಗೆ ಗಳಿಸಲು ಹವಣಿಸುತ್ತಾನೆ. ವಸ್ತು, ಪಾತ್ರ, ಹಾಸ್ಯ ಎಲ್ಲವೂ ಬಂಗಾಳದ ನೆಲದವೇ. ಈ ಪ್ರಕಾರ ನಮ್ಮ ಮಣ್ಣಿಗೆ ಹೊರಗಿನದು ಎಂಬ ಮಾತಿಗೆ ಈ ಚಿತ್ರಕಥೆಯೊಂದೇ ಸಾಕಷ್ಟು ಉತ್ತರ.

ಆದರೆ ಬಂಡವಾಳ ಆ ನೆಲದ್ದಾಗಿರಲಿಲ್ಲ. ಅದು ಹಾಲಿವುಡ್ಡಿನ ಕೊಲಂಬಿಯಾ ಸಂಸ್ಥೆಯಿಂದ ಬರಬೇಕಾಗಿತ್ತು. ವ್ಯಾಪಾರಿಯ ಪಾತ್ರಕ್ಕೆ ಪೀಟರ್ ಸೆಲ್ಲರ್ಸ್ ಒಪ್ಪಿದ್ದರು. ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮೂಲಕ ಪರಿಚಯವಾದ ಮೈಕ್ ವಿಲ್ಸನ್ ಮಧ್ಯವರ್ತಿಯಾಗಿ ನಿಂತರು. ರಾಯ್ ಅಮೆರಿಕಕ್ಕೆ ಹೋದಾಗ ತಮ್ಮ ಚಿತ್ರಕಥೆಯ ಪ್ರತಿಗಳು ಅಲ್ಲಿ ಹಂಚಿಕೆಯಾಗಿದ್ದುದನ್ನೂ, ಕೃತಿಸ್ವಾಮ್ಯದಲ್ಲಿ ತಮ್ಮ ಹೆಸರಿನೊಡನೆ ವಿಲ್ಸನ್ನರ ಹೆಸರೂ ಇದ್ದುದನ್ನೂ ಕಂಡರೆಂದು ಅವರೇ 1980ರಲ್ಲಿ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಲೇಖನದಲ್ಲಿ ದಾಖಲಿಸಿದ್ದಾರೆ. ಸೆಲ್ಲರ್ಸ್ ಹಿಂದೆ ಸರಿದರು, ಯೋಜನೆ ನಿಂತಿತು. ಅದನ್ನು ಮತ್ತೆ ಎತ್ತಲು ನಡೆದ ಯತ್ನಗಳೂ ಫಲಿಸಲಿಲ್ಲ. 1982ರಲ್ಲಿ ಸ್ಪೀಲ್‌ಬರ್ಗರ ‘ಇ.ಟಿ.’ ಬಂದಾಗ ಹೋಲಿಕೆಯ ಪ್ರಶ್ನೆ ಎದ್ದಿತು. ಸ್ಪೀಲ್‌ಬರ್ಗ್ ಅದನ್ನು ನಿರಾಕರಿಸಿದರು. ಆ ವಿವಾದದ ತೀರ್ಮಾನ ನಮ್ಮ ವಿಷಯವಲ್ಲ. ಆದರೆ ಒಂದು ಪರಿಣಾಮವನ್ನು ಹೇಳಲೇಬೇಕು. ಆ ಬಳಿಕ ‘ದಿ ಏಲಿಯನ್’ ತೆರೆಗೆ ಬಂದಿದ್ದರೆ ಮೊದಲು ಹುಟ್ಟಿದ್ದೇ ಅನುಕರಣೆಯಂತೆ ಕಾಣುತ್ತಿತ್ತು. ಚಿತ್ರಕಥೆಯೂ ಸಂಬಂಧಿಸಿದ ಬರಹಗಳೂ 2018ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ತೆರೆಯ ಮೇಲೆ ಬಾರದ ಕಥನಕ್ಕೆ ಕಡೆಗೆ ಆಶ್ರಯ ಕೊಟ್ಟದ್ದು ಅಚ್ಚಿನ ಪುಟ.

ಇದರ ಪಕ್ಕದಲ್ಲಿ ಅದೇ ವರ್ಷಗಳ ‘ಗೂಪಿ ಗಾಯನ್ ಬಾಘಾ ಬಾಯನ್’ (1969) ಚಿತ್ರವನ್ನು ಇಟ್ಟು ನೋಡಬೇಕು. ಅದೂ ಅದ್ಭುತರಸದ ಕಥೆಯೇ, ಅದಕ್ಕೂ ಹಣ ಹೂಡುವವರನ್ನು ಹುಡುಕಬೇಕಾಯಿತು. ಆದರೆ ಕಥೆ ರಾಯ್ ಅವರ ತಾತ ಉಪೇಂದ್ರಕಿಶೋರರದು, ಚಿತ್ರಕಥೆ ಅವರ ಸ್ವಂತದ್ದು; ಅದನ್ನು ಯಾರ ಮನೆಬಾಗಿಲಿಗೆ ಬೇಕಾದರೂ ಒಯ್ಯಬಹುದಾಗಿತ್ತು. ಕಡೆಗೆ ಕೋಲ್ಕತ್ತದ ಪೂರ್ಣಿಮಾ ಪಿಕ್ಚರ್ಸ್ ಅದನ್ನು ವಹಿಸಿಕೊಂಡಿತು. ಹಣದ ಮಿತಿಗೆ ಒಗ್ಗಿಕೊಂಡು ಚಿತ್ರದ ಬಹುಭಾಗ ಕಪ್ಪುಬಿಳುಪಿನಲ್ಲಿ ತಯಾರಾಯಿತು. ಬಣ್ಣ ಬಂದದ್ದು ಕೊನೆಯಲ್ಲಿ ಮಾತ್ರ.

ಇನ್ನೂ ನಿರ್ಣಾಯಕವಾದ ಸಾಕ್ಷ್ಯ ಪ್ರೊಫೆಸರ್ ಶಂಕುವಿನ ಕಥಾಸರಣಿ. ಇದು ಅಪ್ಪಟ ವಿಜ್ಞಾನಕಥಾ ಸರಣಿ. 1961ರಲ್ಲಿ ‘ಸಂದೇಶ’ದಲ್ಲಿ ಮೊದಲಾಗಿ ಮುಂದೆ ಆನಂದಬಜಾರ್ ಬಳಗದ ‘ಆನಂದಮೇಲಾ’ ಪತ್ರಿಕೆಗೂ ಹರಡಿತು. 1965ರಲ್ಲಿ ಮೊದಲ ಸಂಕಲನ ಒಬ್ಬ ಪ್ರಕಾಶಕರಿಂದ ಬಂದರೆ ಅನಂತರದ ಸಂಪುಟಗಳು ಆನಂದ ಪಬ್ಲಿಷರ್ಸ್‌ನಿಂದ ಬಂದವು. 38 ಪೂರ್ಣ ಕಥೆಗಳ ಈ ಸರಣಿ ಪತ್ರಿಕೆ ಬದಲಾದಾಗ ಕುಂದಲಿಲ್ಲ, ಓದುಗರು ದೂರವಾಗಲಿಲ್ಲ. ಲೇಖಕ, ನಗರ, ಪ್ರಕಾರ ಮೂರೂ ಒಂದೇ ಆಗಿದ್ದು ಒಂದು ಸಲೀಸಾಗಿ ಸ್ಥಳಾಂತರಗೊಂಡಿತು, ಇನ್ನೊಂದು ಇದ್ದಲ್ಲಿಯೇ ಕಮರಿತು ಎಂದಾಗ, ಆ ವ್ಯತ್ಯಾಸಕ್ಕೆ ಅಭಿರುಚಿಯನ್ನು ಹೊಣೆಯಾಗಿಸಲು ಬರುವುದಿಲ್ಲ. ಶಂಕುವಿನ ಪ್ರಯೋಗಾಲಯಕ್ಕೆ ಕಾಗದ ಸಾಕಾಗಿತ್ತು, ಅದರ ಹಕ್ಕು ಬರೆದವರ ಕೈಯಲ್ಲಿತ್ತು. ‘ದಿ ಏಲಿಯನ್’ಗೆ ಈ ಎರಡು ಅನುಕೂಲಗಳೂ ಇರಲಿಲ್ಲ.

ರಾಯ್ ಅವರೊಬ್ಬರ ಕೀರ್ತಿಯೇ ಇದಕ್ಕೆ ಕಾರಣವೆಂಬ ಆಕ್ಷೇಪ ಬರಬಹುದು. ಅದ್ರೀಶ್ ಬರ್ಧನ್ 1963ರಲ್ಲಿ ಆರಂಭಿಸಿದ ‘ಆಶ್ಚರ್ಯ’ ಮಾಸಿಕದ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ಆ ಪತ್ರಿಕೆ ನಿಂತಿತು. 1975ರಲ್ಲಿ ಅವರೇ ‘ಫ್ಯಾಂಟಾಸ್ಟಿಕ್’ ಎಂಬ ಮತ್ತೊಂದನ್ನು ತಂದರು. 1966ರಲ್ಲಿ ಪ್ರೇಮೇಂದ್ರ ಮಿತ್ರ, ಬರ್ಧನ್, ದಿಲೀಪ್ ರಾಯ್‌ಚೌಧುರಿ, ಸತ್ಯಜಿತ್ ರಾಯ್ ಈ ನಾಲ್ವರು ‘ಸಬುಜ್ ಮಾನುಷ್’ ಎಂಬ ಒಂದೇ ವಸ್ತುವನ್ನು ಹಂಚಿಕೊಂಡು ಬರೆದು ಕೋಲ್ಕತ್ತ ಆಕಾಶವಾಣಿಯಲ್ಲಿ ಓದಿದರು. ಪತ್ರಿಕೆಗಳು ಮುಚ್ಚಿದರೂ ಬರಹಗಾರರೂ ಓದುಗರೂ ಉಳಿದರು ಎಂಬುದು ಗಮನಾರ್ಹ.

3

ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಈ ಸಂಗತಿ ಅಪರಿಚಿತವಲ್ಲ. ನಡುವೆ ನಿಂತ ಕಾವ್ಯ ಬೇರೊಂದು ಆಸ್ಥಾನದಲ್ಲಿ ಮುಂದುವರಿದದ್ದು ನಮ್ಮ ಚರಿತ್ರೆಯಲ್ಲಿ ಅಪವಾದವೇನಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ವಿಜಯನಗರದ ತಿಮ್ಮಣ್ಣ ಕವಿ ಅದೇ ಭಾಮಿನೀ ಷಟ್ಪದಿಯಲ್ಲಿ ಮುಂದುವರಿಸಿ, ಕೃಷ್ಣದೇವರಾಯನ ಹೆಸರಿನಲ್ಲಿ ‘ಕೃಷ್ಣರಾಯ ಭಾರತ’ವಾಗಿಸಿದ. ತೆಲುಗಿನ ನಿದರ್ಶನ ಇನ್ನೂ ಸೋಜಿಗದ್ದು. 11ನೆಯ ಶತಮಾನದಲ್ಲಿ ರಾಜರಾಜ ನರೇಂದ್ರನ ಆಶ್ರಯದಲ್ಲಿ ನನ್ನಯ ಆರಂಭಿಸಿದ ಭಾರತ ಅರಣ್ಯಪರ್ವದ ನಡುವೆ ನಿಂತಿತು. 13ನೆಯ ಶತಮಾನದಲ್ಲಿ ನೆಲ್ಲೂರಿನ ತಿಕ್ಕನ ವಿರಾಟಪರ್ವದಿಂದ ಮೊದಲ್ಗೊಂಡು 15 ಪರ್ವಗಳನ್ನು ರಚಿಸಿದ. 14ನೆಯ ಶತಮಾನದಲ್ಲಿ ರೆಡ್ಡಿ ಅರಸರ ಕಾಲದ ಎರ್ರನ ಅರಣ್ಯಪರ್ವದ ಶೇಷವನ್ನು ತುಂಬಿದ. ಅವನು ತನ್ನ ಭಾಗವನ್ನು ಅಂಕಿತಗೊಳಿಸಿದ್ದು ತನ್ನ ಪ್ರಭುವಿಗಲ್ಲ, ಮೂರು ಶತಮಾನಗಳ ಹಿಂದಿನ ರಾಜರಾಜ ನರೇಂದ್ರನಿಗೆ.

ಇದು ಸಾಧ್ಯವಾದದ್ದು ಹೇಗೆ? ಅಂದಿನ ಪ್ರಭು ಕವಿಗೆ ಅಗ್ರಹಾರ ಕೊಡಬಹುದಾಗಿತ್ತು, ಕೃತಿಗೆ ತನ್ನ ಹೆಸರನ್ನು ಪಡೆಯಬಹುದಾಗಿತ್ತು. ಆದರೆ ಕಥೆಯನ್ನು ಬೇರೆಯವರು ಮುಂದುವರಿಸದಂತೆ ತಡೆಯುವ ಅಧಿಕಾರ ಅವನಿಗಿರಲಿಲ್ಲ. ಕಥೆ ಎಲ್ಲರದು; ಓಲೆಯ ಪ್ರತಿ ಲಿಪಿಕಾರನ ಶ್ರಮಕ್ಕೆ ಸಿಗುವಂಥದ್ದು; ಛಂದಸ್ಸು ಕಲಿತವರಿಗೆ ದಕ್ಕುವಂಥದ್ದು. ಇಂದಿನ ದೂರದರ್ಶನದಲ್ಲಿಯೂ ಮಹಾಭಾರತ ಹಾಗೆಯೇ ನಡೆದಿದೆ. ದೂರದರ್ಶನದಲ್ಲಿ 1988ರಿಂದ 1990ರವರೆಗೆ ಬಂದ ಕಥೆಯನ್ನು 2013ರಲ್ಲಿ ಸ್ಟಾರ್ ಪ್ಲಸ್ ಹೊಸದಾಗಿ ಮಾಡಿಸಿದಾಗ ಅದು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ವಿಜ್ಞಾನಕಥನದ ಲೋಕ ಪ್ರತಿಯೊಂದು ಬಾರಿಯೂ ಹೊಸದಾಗಿ ಕಲ್ಪಿತವಾದದ್ದು. ಪಾತ್ರದ ಹೆಸರು, ನೌಕೆಯ ಆಕಾರ, ಗ್ರಹದ ಭಾಷೆ ಎಲ್ಲವೂ ಒಬ್ಬ ಒಡೆಯನಿಗೆ ಸೇರಿರುತ್ತವೆ. ಕೇತನ್ ಮೆಹತಾ ದೂರದರ್ಶನಕ್ಕಾಗಿ 1998ರಲ್ಲಿ ನಿರ್ಮಿಸಿದ ‘ಕ್ಯಾಪ್ಟನ್ ವ್ಯೋಮ್’ ನಿಂತ ಮೇಲೆ ಬೇರೊಬ್ಬ ತಿಮ್ಮಣ್ಣ ಅದನ್ನು ಮುಂದುವರಿಸುವ ದಾರಿಯೇ ಇರಲಿಲ್ಲ. ಇತ್ತ ಕನ್ನಡದಲ್ಲಿ, 1998ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ‘ಮಾಯಾಮೃಗ’ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡ ವಾಹಿನಿಯಲ್ಲಿ ಮುಂದುವರಿಯಿತು. ನಿರ್ದೇಶಕ ಟಿ. ಎನ್. ಸೀತಾರಾಂ ಅವರಂಥವರು ಕಥೆಯ ಎಳೆಯನ್ನು ಕೈಬಿಡದೆ ಉಳಿಸಿಕೊಂಡದ್ದು ಅದಕ್ಕೆ ಮುಖ್ಯ ಕಾರಣ. ಅದು ಸಾಮಾಜಿಕ ಕಥೆಯಾದ್ದರಿಂದ ಕಳೆದುಹೋದ ಲೋಕವೊಂದನ್ನು ಮತ್ತೆ ಕಟ್ಟಬೇಕಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

4

ಮೇಲಿನ ವಿವೇಚನೆಯಿಂದ ಹಿಂದಿನ ಪದ್ಧತಿಯೇ ಶ್ರೇಷ್ಠವೆಂದು ಸಾರುವುದು ನಮ್ಮ ಆಶಯವಲ್ಲ. ಕೃತಿಸ್ವಾಮ್ಯ ಬರಹಗಾರನ ಅನ್ನವನ್ನು ಕಾಯುತ್ತದೆ. ರಾಯ್ ಅವರಿಗೆ ಅಮೆರಿಕದಲ್ಲಿ ಕೊರತೆಯಾದದ್ದು ಆ ರಕ್ಷಣೆಯೇ. ಕಾಯಬೇಕಾದ ಹಕ್ಕು ಬರೆದವನ ಕೈಯಿಂದ ಆಶ್ರಯದಾತನ ಕೈಗೆ, ಮಧ್ಯವರ್ತಿಯ ಕೈಗೆ ಜಾರಿದಾಗ ಅದೇ ಬೇಲಿ ಬಂದೀಖಾನೆಯಾಗುತ್ತದೆ ಎಂಬುದಷ್ಟೇ ನಮ್ಮ ಮಾತು. ಪ್ರಸಾರ ನಿಂತು ಗೊತ್ತಾದ ಅವಧಿ ಕಳೆದೊಡನೆ ಕಥೆ ಬರೆದವನಿಗೆ ಮರಳಬೇಕೆಂಬ ಒಂದು ವಾಕ್ಯ ಒಪ್ಪಂದದಲ್ಲಿದ್ದರೆ ಎಷ್ಟೋ ಕಥನಗಳು ಎರಡನೆಯ ಬಾಗಿಲನ್ನು ತಟ್ಟಬಹುದು.

ಸಂಶೋಧಕರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಹಸ್ತಪ್ರತಿಯನ್ನು ಕೈಗೆತ್ತಿಕೊಂಡಾಗ ನಾವು ಅಂಕಿತವನ್ನೂ ಪುಷ್ಪಿಕೆಯನ್ನೂ ನೋಡದೆ ಕಾವ್ಯದ ಚರಿತ್ರೆಯನ್ನು ಹೇಳುವುದಿಲ್ಲ. ಇಂದಿನ ದೃಶ್ಯಕಥನಗಳಿಗೆ ಒಪ್ಪಂದಪತ್ರಗಳೇ ಪುಷ್ಪಿಕೆಗಳು. ಭಾರತೀಯ ಭಾಷೆಗಳ ವಿಜ್ಞಾನಕಥನದ ಚರಿತ್ರೆಯನ್ನು ಬರೆಯುವವರು ಅವನ್ನು ಹುಡುಕಿ ಓದಬೇಕು. ಒಂದು ಕೃತಿ ಏಕೆ ನಿಂತಿತು, ಯಾರ ಕೈಯಲ್ಲಿ ನಿಂತಿತು ಎಂಬುದನ್ನು ತಿಳಿಯದೆ ಅದಕ್ಕೆ ಓದುಗರೇ ಇರಲಿಲ್ಲವೆಂದು ಬರೆಯುವುದು ಪಂಪನ ಕಾಲದ ಓಲೆಗಳು ಸಿಗಲಿಲ್ಲವೆಂದು ಆ ಕಾಲದಲ್ಲಿ ಬೇರೆ ಕವಿಗಳೇ ಇರಲಿಲ್ಲವೆಂದಂತೆ. ಕೋಲ್ಕತ್ತದ ಮಕ್ಕಳು ಶಂಕುವನ್ನು ಓದುತ್ತಲೇ ಬಂದಿದ್ದಾರೆ. ಪ್ರಕಾರಕ್ಕೆ ಬೇರುಗಳಿದ್ದವು, ಇವೆ. ಕುಂಡ ಮಾತ್ರ ಬೇರೆಯವರದಾಗಿತ್ತು.