ಯುಗವಿಭಾಗವೂ ಮತಭೇದವೂ

ಕನ್ನಡ ಸಾಹಿತ್ಯಚರಿತ್ರೆಯನ್ನು ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗವೆಂದು ಮೂರಾಗಿ ವಿಭಾಗಿಸುವ ಕ್ರಮವು ಬಹುಕಾಲದಿಂದ ರೂಢವಾಗಿದೆ. ಇದು ನಮ್ಮ ಲಾಕ್ಷಣಿಕರಿಂದ ಬಂದುದೋ, ಪರರಾಜ್ಯಭಾರದ ಕಾಲದಲ್ಲಿ ಬಂದು ನೆಲಸಿದುದೋ ಎಂಬುದೇ ಪ್ರಕೃತ ವಿಚಾರ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಪೂರ್ವಕವಿಗಳನ್ನು ಗದ್ಯಕಾರರೆಂದೂ ಪದ್ಯಕಾರರೆಂದೂ ವಿಂಗಡಿಸುತ್ತದೆ. ಅವರ ಮತವನ್ನು ಕೇಳುವುದಿಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ದಲ್ಲಿ ಪದ್ಯಗಳನ್ನು ವರ್ಣನಾವಿಷಯಗಳಿಗನುಗುಣವಾಗಿ ಜೋಡಿಸಿದನು. ಪಂಪನಾದರೋ ತನ್ನೆರಡು ಕಾವ್ಯಗಳ ಭೇದವನ್ನು ಲೌಕಿಕ, ಆಗಮಿಕ ಎಂಬ ಪ್ರಯೋಜನದಿಂದ ಹೇಳಿದನು. ಹೀಗೆ ಪ್ರಾಚೀನರ ವಿಭಾಗಗಳಿಗೆ ಕಾವ್ಯವೇ ಆಧಾರವು.

ಕಾಲಕ್ಕೆ ಮತದ ಹೆಸರಿಡುವ ಪದ್ಧತಿಯ ಪ್ರಸಿದ್ಧ ನಿದರ್ಶನವು ಜೇಮ್ಸ್ ಮಿಲ್ಲನು 1817ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯಾ ಚರಿತ್ರೆ. ಈ ದೇಶವನ್ನು ಕಣ್ಣಾರೆ ಕಾಣದ ಆತನು ಹಿಂದೂ, ಮಹಮ್ಮದೀಯ, ಬ್ರಿಟಿಷ್ ಎಂದು ಕಾಲವನ್ನು ಹಂಚಿದನು. ಮೂರನೆಯದಕ್ಕೆ ಮಾತ್ರ ಮತದ ಹೆಸರಿಲ್ಲವೆಂಬುದು ಗಮನಾರ್ಹ. ಪಾದ್ರಿ ಇ. ಪಿ. ರೈಸರು 1915ರಲ್ಲಿ ಬರೆದ ಕನ್ನಡ ಸಾಹಿತ್ಯಚರಿತ್ರೆಯಲ್ಲಿಯೂ ಜೈನ, ಲಿಂಗಾಯತ, ವೈಷ್ಣವವೆಂಬ ಕ್ರಮವೇ ಕಾಣುತ್ತದೆ.

ಇದರಿಂದಾದ ದೋಷವೇನು? ವೀರಶೈವಯುಗವೆನ್ನುವ ಕಾಲದಲ್ಲಿಯೇ ರುದ್ರಭಟ್ಟನು 'ಜಗನ್ನಾಥವಿಜಯ'ವನ್ನೂ, ಜನ್ನನು 1209ರಲ್ಲಿ 'ಯಶೋಧರಚರಿತೆ'ಯನ್ನೂ ರಚಿಸಿದರು. ಜೈನನಾದ ರತ್ನಾಕರವರ್ಣಿಯು ಹದಿನಾರನೆಯ ಶತಮಾನದವನು. ಇಂಥವರೆಲ್ಲ ಅಪವಾದಗಳಾಗಿ ಮೂಲೆ ಸೇರಿದರು. ಪಂಪಭಾರತವೂ ಕುಮಾರವ್ಯಾಸಭಾರತವೂ ಒಂದೇ ಕಥೆಯ ಎರಡು ಮಹಾದರ್ಶನಗಳಾಗಿದ್ದರೂ ವಿದ್ಯಾರ್ಥಿಯ ಪಾಲಿಗೆ ಎರಡು ಮತಗಳ ಸ್ವತ್ತುಗಳಾದುವು.

ಇಲ್ಲಿ ಪೂರ್ವಪಕ್ಷವೊಂದುಂಟು: ಮತಾಭಿಮಾನವನ್ನು ಆಂಗ್ಲರು ಸೃಷ್ಟಿಸಿದರೆ? ಹನ್ನೆರಡನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ'ಯು ಅನ್ಯಮತಖಂಡನವೇ ಅಲ್ಲವೆ? ನಿಜ. ಮತಭೇದವು ಮೊದಲೇ ಇದ್ದಿತು. ಅದು ಕಾಲವನ್ನಳೆಯುವ ಕೋಲಾದುದು ಮಾತ್ರ ಹೊಸದು. ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸರ, 1894ರಲ್ಲಿ ನಿಘಂಟನ್ನಿತ್ತ ಕಿಟ್ಟೆಲ್ಲರ ಋಣವನ್ನು ಅಲ್ಲಗಳೆಯುವುದು ಕೃತಘ್ನತೆ. ಸಾಮಗ್ರಿಗೆ ಕೃತಜ್ಞರಾಗಿರೋಣ, ಅದನ್ನು ಜೋಡಿಸಿದ ಚೌಕಟ್ಟನ್ನು ಪರೀಕ್ಷಿಸೋಣ.

ರಂ. ಶ್ರೀ. ಮುಗಳಿಯವರು 1953ರಲ್ಲಿ ಯುಗಗಳಿಗೆ ಪಂಪ, ಬಸವ, ಕುಮಾರವ್ಯಾಸರ ಹೆಸರಿಟ್ಟುದು ಶ್ಲಾಘ್ಯವೇ. ಆದರೆ ಆ ಮೂವರೂ ಕ್ರಮವಾಗಿ ಆ ಮೂರು ಮತಗಳಿಗೆ ಸೇರಿದವರೇ. ಹೆಸರು ಬದಲಾಯಿತು, ಗೆರೆ ಬಹುಮಟ್ಟಿಗೆ ಉಳಿಯಿತು. 1978ರಲ್ಲಿ ಎಡ್ವರ್ಡ್ ಸೈದರು 'ಓರಿಯೆಂಟಲಿಸಂ' ಗ್ರಂಥದಲ್ಲಿ ಪೌರ್ವಾತ್ಯವಿದ್ಯೆಗೂ ಪ್ರಭುತ್ವಕ್ಕೂ ಇರುವ ನಂಟನ್ನು ತೋರಿದ ಬಳಿಕ ವಸಾಹತೋತ್ತರ ವಿಮರ್ಶೆಯು ನಮ್ಮಲ್ಲಿಯೂ ಪ್ರಚಾರವಾಯಿತು. ಆ ವಿಮರ್ಶೆಯೂ ಆಂಗ್ಲಭಾಷೆಯ ಬಾಗಿಲಿನಿಂದಲೇ ಬಂದುದು. ರೋಗವನ್ನು ಗುರುತಿಸಲು ಅದು ಸಾಕು. ಪಥ್ಯವು ಮನೆಯಲ್ಲಿಯೇ ಇದೆ.

ಈ ಮಾತನ್ನು ಪರರನ್ನು ದೂಷಿಸಲು ಆಡುತ್ತಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿ ಬಂದ ನಾನೂ ಅನೇಕ ವರ್ಷಗಳ ಕಾಲ 'ಜೈನಯುಗದ ಲಕ್ಷಣಗಳಾವುವು?' ಎಂದು ಪ್ರಶ್ನೆ ಬರೆಸಿದವನು. ಒಮ್ಮೆ ಓರ್ವ ವಿದ್ಯಾರ್ಥಿಯು, 'ಪಂಪನ ಕರ್ಣನು ಜೈನನೆ?' ಎಂದು ಕೇಳಿದನು. ಅಂದು ನಾನು ಅವನನ್ನು ಗದರಿಸಿ ಕುಳ್ಳಿರಿಸಿದೆನು. ಉತ್ತರವನ್ನು ಇಂದು ಕೊಡುತ್ತಿದ್ದೇನೆ: ಕಾವ್ಯವನ್ನು ಕಾವ್ಯವೆಂದೇ ಓದಬೇಕು, ಕಾಲವನ್ನು ಶತಮಾನಗಳಿಂದ ಎಣಿಸಬೇಕು, ಪ್ರಕಾರವನ್ನು ಚಂಪೂ, ವಚನ, ರಗಳೆ, ಷಟ್ಪದಿ, ಸಾಂಗತ್ಯಗಳಿಂದ ತಿಳಿಯಬೇಕು. ಕವಿಯ ಮತವನ್ನು ಅದು ಕಾವ್ಯಾರ್ಥಕ್ಕೆ ಬೇಕಾದೆಡೆಯಲ್ಲಿ ಮಾತ್ರ ಹೇಳಿದರೆ ಸಾಕು. ಪಠ್ಯಪುಸ್ತಕಗಳನ್ನು ರಚಿಸುವ ವಿದ್ವಾಂಸರು ಇದನ್ನು ಪರಿಶೀಲಿಸಬೇಕೆಂದು ಬಿನ್ನಹ.